ತ್ಸಿಯಾಲಾಗೆ, ಹೋಗುವ ಮುನ್ನ

ಹೆದರಬೇಡ ತ್ಸಿಯಾಲಾ, ಹಲ್ಲಿನ ಡಾಕ್ಟರಲ್ಲ.
ಮೆಟ್ಟಿಲಿಳಿದರೆ ನೆಲಮಾಳಿಗೆ,
ತಿಬಿಲಿಸಿಯ ನೆಲದಡಿ ನಮಗೇನು ಹೊಸದೇ?
ಬಾಗಿಲಲ್ಲೇ ಬೂಟು ಬಿಡಿಸುತ್ತಾರೆ.
ನನ್ನ ಎಡಗಾಲ ಹೆಬ್ಬೆರಳು ಕಾಲುಚೀಲದಿಂದ ಇಣುಕಿ
ನನಗಿಂತ ಮೊದಲು ನಮಸ್ಕಾರ ಹೇಳಿತು.

ಆಮೇಲೊಂದು ಹಾಳೆ ಕೊಡುತ್ತಾರೆ:
ಮುಖಕ್ಕೆ ದಿನಾ ಏನು ಹಚ್ಚುತ್ತೀರಿ?
ಸೋಪು ಅಂತ ಬರೆದೆ. ಯಾವ ಸೋಪು?
ಬಟ್ಟೆ ಒಗೆದು ಉಳಿದದ್ದು ಅನ್ನಲು
ಮರ್ಯಾದೆ ಅಡ್ಡ ಬಂತು.
ಒಗ್ಗದಿರುವುದು ಏನಾದರೂ ಉಂಟೇ?
ಅತ್ತೆ ಒಗ್ಗುತ್ತಿರಲಿಲ್ಲ, ಅವಳು ತೀರಿಕೊಂಡು ಹನ್ನೊಂದು ವರ್ಷ.
ಆ ಹುಡುಗಿ, ತೇವೊನಾ, ನಕ್ಕಳು. ಒಳ್ಳೆಯ ಹಲ್ಲು.

ಗಂಧಕದ ಬುಗ್ಗೆಯ ಸ್ನಾನದ ಮನೆಯಲ್ಲಿ
ಒರಟು ಕೈಗವಸು ತೊಟ್ಟ ಹೆಂಗಸು
ಕಂಬಳಿ ಒಗೆದ ಹಾಗೆ ನಮ್ಮನ್ನು ಉಜ್ಜುತ್ತಾಳಲ್ಲ,
ಅದನ್ನು ಮರೆತುಬಿಡು. ಇಲ್ಲಿ
ಹಸುಗೂಸಿನ ನೆತ್ತಿ ಮುಟ್ಟುವ ಹಾಗೆ ಮುಟ್ಟುತ್ತಾರೆ.
ಅದೇ ಕಷ್ಟ.
ನನ್ನ ಕತ್ತು ಕೊರಡಾಗಿತ್ತು,
ಸಡಿಲ ಬಿಡಿ ಅಮ್ಮಾ ಅಂದಷ್ಟೂ ಬಿಗಿ.
ಕೈಗಳಿಗೆ ಕೆಲಸವಿಲ್ಲ; ಎಲ್ಲಿಡಬೇಕೋ ತಿಳಿಯದೆ
ಹೆಣದ ಹಾಗೆ ಎದೆಯ ಮೇಲೆ ಜೋಡಿಸಿಕೊಂಡೆ,
ಥೂ ಎಂದು ತೆಗೆದೆ.

ಆವಿ ಬಿಡುತ್ತಾರೆ. ಕಟ್ಟಿದ ಮೂಗೂ ಬಿಡುತ್ತದೆ,
ಅದಕ್ಕೆ ಬೇರೆ ದುಡ್ಡಿಲ್ಲ.

ಆಮೇಲೆ ದೀಪ. ಭೂತಗನ್ನಡಿ ಕಟ್ಟಿದ ದೀಪ.
ಇಪ್ಪತ್ತೇಳು ವರ್ಷ ಎಸ್ಕಲೇಟರಿನ ಬುಡದಲ್ಲಿ
ಗಾಜಿನ ಗೂಡಲ್ಲಿ ಕೂತು ನಾನು ನೋಡಿದ ಮುಖಗಳೆಷ್ಟು,
ಇಳಿದು ಬರುವವು, ಏರಿ ಹೋಗುವವು,
ಮುತ್ತಿಡುವವು, ಮುನಿದವು, ನಿಂತಲ್ಲೇ ತೂಕಡಿಸುವವು.
ಒಂದಾದರೂ ತಿರುಗಿ ನೋಡಿತೇ?
ನಾನೆಂದರೆ ಕೆಂಪು ಗುಂಡಿ. ನಿಲ್ಲಿಸುವವಳು.
ಈಗ ಮೊಮ್ಮಗಳ ವಯಸ್ಸಿನವಳೊಬ್ಬಳು
ನನ್ನ ಮೇಲೆ ಬಾಗಿ
ಒಂದೊಂದೇ ರಂಧ್ರ ಓದುತ್ತಿದ್ದಾಳೆ.
ಮೂಗಿನ ಕಪ್ಪುಚುಕ್ಕಿ ಹಿಂಡುವಾಗ ನೋಯುತ್ತದೆ, ಸುಳ್ಳೇಕೆ,
ನೀರು ತಾನಾಗಿ ಬರುತ್ತದೆ ಕಣ್ಣಿಗೆ,
ಅಳುವೆಂದು ತಿಳಿಯಬೇಡ.

ಎಡಗೆನ್ನೆಗೆ ಬಂದು ಬೆರಳು ನಿಂತಿತು.
ಈ ನಾಲ್ಕು ಗೆರೆ?
ಬೆಕ್ಕು ಅಂದೆ.
ನೀನಿದ್ದೆ ಆ ದಿನ. ಸುಖುಮಿಯಿಂದ ಬಂದ ಗೀವಿಯ ಪೆಟ್ಟಿಗೆಯನ್ನು
ಅಮ್ಮನ ಅಂಗಳದಲ್ಲಿ ಇಳಿಸಿದಾಗ
ನನ್ನ ಕೈಗಳನ್ನು ಹಿಡಿದವಳು ನೀನೇ,
ಒಂದು ಗಳಿಗೆ ತಡವಾಗಿ.
ತೇವೊನಾ ಮತ್ತೆ ಕೇಳಲಿಲ್ಲ.
ಸತ್ತ ಚರ್ಮ ಸುಲಿಯುವ ನೀರೊಂದಿದೆ,
ಹುಳಿ ಪ್ಲಮ್ಮಿನ ಚಟ್ನಿಯ ಹಾಗೆ ಚುರುಗುಟ್ಟುತ್ತದೆ,
ಅದನ್ನು ಹಣೆಗೆ, ಗದ್ದಕ್ಕೆ, ಬಲಗೆನ್ನೆಗೆ ಹಚ್ಚಿ
ಆ ನಾಲ್ಕು ಗೆರೆಗಳನ್ನು ಮಾತ್ರ
ಹೊಳೆ ಬಂಡೆಯನ್ನು ಬಳಸುವ ಹಾಗೆ
ಬಳಸಿ ಹೋದಳು.
ಅವಳ ಮನೆಯಲ್ಲೂ ಯಾರಿಗೋ
ಅಂಥದೇ ಬೆಕ್ಕು ಇದ್ದಿರಬೇಕು.

ತಂಪು ಮಣ್ಣು ಮೆತ್ತಿ ದೀಪ ಆರಿಸಿ ಹೋಗುತ್ತಾರೆ.
ಇಪ್ಪತ್ತು ನಿಮಿಷ ಮಾತಾಡುವಂತಿಲ್ಲ, ನಿನಗದು ಶಿಕ್ಷೆ.
ನಾನು ಗೊರಕೆ ಹೊಡೆದೆನಂತೆ.

ಕೊನೆಗೆ ಕನ್ನಡಿ. ಚಿಕ್ಕವಳಾಗಿರುವುದಿಲ್ಲ, ಆಸೆಪಡಬೇಡ,
ಬೇಯಿಸಿ ಸಿಪ್ಪೆ ಸುಲಿದ ಬೀಟ್‌ರೂಟ್ ನೀನು,
ನಾಳೆಗೆ ಇಳಿಯುತ್ತದೆ.
ಎರಡು ದಿನ ಬಿಸಿಲು ಬೇಡ ಅಂದಳು.
ಯಾವ ಬಿಸಿಲು ಮಗಳೇ, ಅಂದೆ.

ಮಹಿಳಾ ದಿನಕ್ಕೆ ಸಂಘದವರು ಕೊಟ್ಟ ಕೂಪನ್ನು
ತಿಂಗಳ ಕೊನೆಗೆ ರದ್ದಿ.
ಮಂಗಳವಾರ ನಿನ್ನ ಗೂಡಲ್ಲಿ ನಾನು ಕೂರುತ್ತೇನೆ, ಹೋಗು.
ನಿನ್ನ ಕತ್ತಿನ ಆ ಕಲೆಯನ್ನು ಕೇಳಿದರೆ
ನಾಯಿ ಅನ್ನು,
ಬೆಕ್ಕನ್ನು ನಾನು ಖರ್ಚು ಮಾಡಿಬಿಟ್ಟೆ.
ಹಾಂ, ಮತ್ತೆ, ತೂತಿಲ್ಲದ ಕಾಲುಚೀಲ.